ವೈ-ಫೈ ವಿಸ್ತರಣೆಗೆ ಹಳೆಯ ರೌಟರ್‌ನ ಮರುಬಳಕೆ

ವೈ-ಫೈ ವಿಸ್ತರಣೆಗೆ ಹಳೆಯ ರೌಟರ್‌ನ ಮರುಬಳಕೆ ಎಂದರೆ, ಹೊಸ ಅಂತರಜಾಲ ಸಂಪರ್ಕ ಅಥವಾ ಹೊಸ ಸಾಧನ ಬಂದ ಬಳಿಕ ಉಪಯೋಗವಿಲ್ಲದೆ ಉಳಿದ ರೌಟರನ್ನು, ಮುಖ್ಯ ರೌಟರ್‌ನ ನಿಸ್ತಂತು ಸಂಕೇತ ಸರಿಯಾಗಿ ತಲುಪದ ಭಾಗಗಳಿಗೆ ಎರಡನೆಯ ಪ್ರಸಾರ ಕೇಂದ್ರವನ್ನಾಗಿ ಬಳಸುವ ವಿಧಾನ. ಹಳೆಯ ಸಾಧನವನ್ನು ತಂತಿಯ ಮೂಲಕ ಜೋಡಿಸಿದರೆ ಅದು ಆಕ್ಸೆಸ್ ಪಾಯಿಂಟ್ ಆಗಿಯೂ, ನಿಸ್ತಂತುವಾಗಿ ಜೋಡಿಸಿದರೆ ರಿಪೀಟರ್ ಅಥವಾ ಬ್ರಿಜ್ ಆಗಿಯೂ ಕೆಲಸ ಮಾಡುತ್ತದೆ. ಈ ವಿಧಾನದಿಂದ ಹೊಸ ವಿಸ್ತರಣಾ ಸಾಧನದ ಖರ್ಚು ಉಳಿಯುತ್ತದೆ ಮತ್ತು ಸುಸ್ಥಿತಿಯಲ್ಲಿರುವ ಉಪಕರಣವೊಂದು ಇ-ತ್ಯಾಜ್ಯವಾಗುವುದು ತಪ್ಪುತ್ತದೆ. ಆದರೆ ತಯಾರಕರ ಭದ್ರತಾ ಪರಿಷ್ಕರಣೆ ನಿಂತುಹೋದ ಸಾಧನವನ್ನು ಮತ್ತೆ ಜಾಲಕ್ಕೆ ಸೇರಿಸುವುದರಲ್ಲಿ ಅಪಾಯವೂ ಇದೆ. ಆದ್ದರಿಂದ ಯಾವ ರೌಟರ್ ಮರುಬಳಕೆಗೆ ಯೋಗ್ಯ, ಯಾವುದು ಅಲ್ಲ ಎಂಬ ನಿರ್ಧಾರ ಈ ವಿಷಯದಲ್ಲಿ ಮುಖ್ಯವಾಗುತ್ತದೆ.

ಹಿನ್ನೆಲೆ

ನಿಸ್ತಂತು ಸ್ಥಳೀಯ ಜಾಲಗಳಿಗೆ ಆಧಾರವಾದ ಐಇಇಇ 802.11 ಮಾನಕದ ಮೊದಲ ಆವೃತ್ತಿ 1997ರಲ್ಲಿ ಪ್ರಕಟವಾಯಿತು. 1999ರ 802.11ಬಿ ಸೆಕೆಂಡಿಗೆ 11 ಮೆಗಾಬಿಟ್, 2003ರ 802.11ಜಿ 54 ಮೆಗಾಬಿಟ್ ಗರಿಷ್ಠ ವೇಗವನ್ನು ಒದಗಿಸಿದವು. 2009ರಲ್ಲಿ 802.11ಎನ್, 2013ರಲ್ಲಿ 802.11ಎಸಿ, 2021ರಲ್ಲಿ 802.11ಎಎಕ್ಸ್ ಅನುಮೋದನೆ ಪಡೆದವು. ಈ ಕೊನೆಯ ಮೂರನ್ನು ಕ್ರಮವಾಗಿ ವೈ-ಫೈ 4, ವೈ-ಫೈ 5 ಮತ್ತು ವೈ-ಫೈ 6 ಎಂದು ಕರೆಯುವ ಪದ್ಧತಿಯನ್ನು ವೈ-ಫೈ ಅಲಯನ್ಸ್ 2018ರಲ್ಲಿ ಪ್ರಕಟಿಸಿತು. ಹೊಸ ಸಾಧನಗಳು ಹಳೆಯ ಮಾನಕಗಳೊಂದಿಗೂ ಹೊಂದಿಕೊಳ್ಳುವಂತೆ ರೂಪುಗೊಂಡಿರುವುದರಿಂದ, ಹತ್ತು ವರ್ಷ ಹಿಂದಿನ ರೌಟರ್ ಕೂಡ ಇಂದಿನ ಮೊಬೈಲ್ ಫೋನಿನೊಂದಿಗೆ ಸಂಪರ್ಕ ಸಾಧಿಸಬಲ್ಲದು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಕಡಿಮೆ ಶಕ್ತಿಯ ಸಾಧನಗಳಿಗೆ 2005ರಲ್ಲಿಯೂ, 5 ಗಿಗಾಹರ್ಟ್ಸ್ ತರಂಗಪಟ್ಟಿಯ ವಿಸ್ತೃತ ಭಾಗಕ್ಕೆ 2018ರಲ್ಲಿಯೂ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಸಾರ್ವಜನಿಕ ವಲಯದ ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ ಬಳಿಕ ದೂರವಾಣಿ ತಂತಿಯ ಮೂಲಕ ಎಡಿಎಸ್‌ಎಲ್ ಸಂಪರ್ಕ ಸಣ್ಣ ಊರುಗಳಿಗೂ ತಲುಪಿತು. ಮುಂದೆ ದ್ಯುತಿತಂತು ಸಂಪರ್ಕ ಬಂದಾಗ ಎಡಿಎಸ್‌ಎಲ್ ಮೋಡೆಮ್-ರೌಟರ್‌ಗಳು ಮೂಲ ಕೆಲಸ ಕಳೆದುಕೊಂಡು ಕಪಾಟು ಸೇರಿದವು. 2020ರ ಲಾಕ್‌ಡೌನ್ ಅವಧಿಯಲ್ಲಿ ಆನ್‌ಲೈನ್ ತರಗತಿ ಮತ್ತು ಮನೆಯಿಂದಲೇ ಮಾಡುವ ಕಚೇರಿ ಕೆಲಸ ಏಕಕಾಲದಲ್ಲಿ ನಡೆಯತೊಡಗಿದಾಗ, ಹಜಾರದಲ್ಲಿರುವ ಒಂದೇ ರೌಟರ್ ಇಡೀ ಮನೆಗೆ ಸಾಲದು ಎಂಬ ಕೊರತೆ ಎದ್ದು ಕಂಡಿತು.

ಸಂಕೇತ ಕ್ಷೀಣಿಸಲು ಕಾರಣಗಳು

ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ತಲುಪುವ ರೇಡಿಯೊ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮನೆಯೊಳಗೆ ಗೋಡೆ, ತಾರಸಿ ಮತ್ತು ಲೋಹದ ವಸ್ತುಗಳು ಇದರ ಮೇಲೆ ಮತ್ತಷ್ಟು ನಷ್ಟ ಉಂಟುಮಾಡುತ್ತವೆ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ, ಬಯಲುಸೀಮೆಯ ಸೈಜುಗಲ್ಲಿನ ಗೋಡೆ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ತಾರಸಿ, ಉಕ್ಕಿನ ಬೀರು, ನೀರಿನ ತೊಟ್ಟಿ ಇವೆಲ್ಲ ಸಂಕೇತವನ್ನು ಹೀರುತ್ತವೆ ಇಲ್ಲವೇ ಪ್ರತಿಫಲಿಸುತ್ತವೆ. ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಅಲೆಗಳಿಗಿಂತ 5 ಗಿಗಾಹರ್ಟ್ಸ್ ಅಲೆಗಳು ಗೋಡೆಗಳಲ್ಲಿ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತವೆ. ಆದರೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನೆರೆಮನೆಯ ರೌಟರ್, ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆಗಳ ಅಡಚಣೆ ಹೆಚ್ಚು.

ರೌಟರ್‌ನ ಪ್ರಸಾರ ಶಕ್ತಿಯನ್ನು ಏರಿಸುವುದರಿಂದಷ್ಟೇ ಈ ಸಮಸ್ಯೆ ಪರಿಹಾರವಾಗುವುದಿಲ್ಲ. ವೈ-ಫೈ ಎರಡೂ ದಿಕ್ಕಿನ ಸಂವಹನವಾಗಿದೆ. ರೌಟರ್‌ನ ಸಂಕೇತ ಫೋನಿಗೆ ತಲುಪಿದರೂ, ಬ್ಯಾಟರಿಯಿಂದ ನಡೆಯುವ ಫೋನಿನ ದುರ್ಬಲ ಸಂಕೇತ ರೌಟರ್‌ಗೆ ಮರಳದಿದ್ದರೆ ಸಂಪರ್ಕ ನಿಲ್ಲುವುದಿಲ್ಲ. ಬಳಕೆದಾರನ ಸಮೀಪಕ್ಕೆ ಎರಡನೆಯ ಪ್ರಸಾರ ಕೇಂದ್ರವನ್ನು ತರುವುದರಿಂದ ಎರಡೂ ದಿಕ್ಕಿನ ದೂರ ಕಡಿಮೆಯಾಗುತ್ತದೆ. ಇದಕ್ಕೂ ಮೊದಲು ಮುಖ್ಯ ರೌಟರನ್ನು ಮನೆಯ ಮಧ್ಯಭಾಗಕ್ಕೆ, ಎತ್ತರದ ತೆರೆದ ಜಾಗಕ್ಕೆ ಸ್ಥಳಾಂತರಿಸಿ ನೋಡುವುದು ಖರ್ಚಿಲ್ಲದ ಉಪಾಯ. ಹಲವು ಮನೆಗಳಲ್ಲಿ ಅಷ್ಟರಿಂದಲೇ ಸಮಸ್ಯೆ ನೀಗುತ್ತದೆ.

ಕಾರ್ಯತತ್ವ

ಮನೆಬಳಕೆಯ ರೌಟರ್ ಎಂಬ ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳು ಅಡಕವಾಗಿವೆ.

* ರೌಟಿಂಗ್: ಹೊರಗಿನ ಅಂತರಜಾಲಕ್ಕೂ ಮನೆಯ ಜಾಲಕ್ಕೂ ನಡುವೆ ದತ್ತಾಂಶವನ್ನು ಸಾಗಿಸುವುದು. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಸಾಧನಗಳಿಗೆ ಹಂಚುವ ನ್ಯಾಟ್ ವ್ಯವಸ್ಥೆಯೂ ಇದರ ಭಾಗ.
* ಡಿಎಚ್‌ಸಿಪಿ ಸರ್ವರ್: ಮನೆಯ ಪ್ರತಿಯೊಂದು ಸಾಧನಕ್ಕೂ ತಾನಾಗಿಯೇ ಐಪಿ ವಿಳಾಸ ಕೊಡುವುದು.
* ಸ್ವಿಚ್: ಲ್ಯಾನ್ ಪೋರ್ಟ್‌ಗಳಿಗೆ ಜೋಡಿಸಿದ ತಂತಿಗಳ ನಡುವೆ ದತ್ತಾಂಶ ಹಾಯಿಸುವುದು.
* ಆಕ್ಸೆಸ್ ಪಾಯಿಂಟ್: ತಂತಿಯ ಜಾಲವನ್ನು ರೇಡಿಯೊ ಅಲೆಗಳ ಮೂಲಕ ನಿಸ್ತಂತು ಸಾಧನಗಳಿಗೆ ತಲುಪಿಸುವುದು.

ಒಂದು ಮನೆಯ ಜಾಲದಲ್ಲಿ ಮೊದಲ ಎರಡು ಕೆಲಸಗಳನ್ನು ಒಂದೇ ಸಾಧನ ಮಾಡಬೇಕು. ಆದ್ದರಿಂದ ಹಳೆಯ ರೌಟರ್‌ನಲ್ಲಿ ರೌಟಿಂಗ್ ಮತ್ತು ಡಿಎಚ್‌ಸಿಪಿಯನ್ನು ನಿಷ್ಕ್ರಿಯಗೊಳಿಸಿ, ಸ್ವಿಚ್ ಮತ್ತು ಆಕ್ಸೆಸ್ ಪಾಯಿಂಟ್ ಭಾಗಗಳನ್ನು ಮಾತ್ರ ಉಳಿಸಿಕೊಳ್ಳುವುದೇ ಮರುಬಳಕೆಯ ಮೂಲ ತತ್ವ.

ವಿಧಾನಗಳು

ತಂತಿ ಸಂಪರ್ಕದ ಆಕ್ಸೆಸ್ ಪಾಯಿಂಟ್

ಮುಖ್ಯ ರೌಟರ್‌ನ ಲ್ಯಾನ್ ಪೋರ್ಟ್‌ನಿಂದ ಹಳೆಯ ರೌಟರ್‌ನ ಲ್ಯಾನ್ ಪೋರ್ಟ್‌ಗೆ ಈಥರ್ನೆಟ್ ಕೇಬಲ್ ಎಳೆಯುವ ವಿಧಾನವಿದು. ಮೂರರಲ್ಲಿ ಇದೇ ಅತ್ಯಂತ ವಿಶ್ವಾಸಾರ್ಹ. ಎರಡು ರೌಟರ್‌ಗಳ ನಡುವಿನ ದತ್ತಾಂಶ ತಂತಿಯಲ್ಲಿ ಸಾಗುವುದರಿಂದ ಹಳೆಯ ರೌಟರ್‌ನ ರೇಡಿಯೊ ಸಾಮರ್ಥ್ಯವೆಲ್ಲ ಬಳಕೆದಾರರಿಗೇ ದೊರೆಯುತ್ತದೆ. ಈಥರ್ನೆಟ್ ಕೇಬಲನ್ನು 100 ಮೀಟರ್‌ವರೆಗೆ ಎಳೆಯಬಹುದು. ಹಳೆಯ ರೌಟರ್‌ಗಳ ಪೋರ್ಟ್ ಹೆಚ್ಚಾಗಿ ಸೆಕೆಂಡಿಗೆ 100 ಮೆಗಾಬಿಟ್ ಮಿತಿಯದಾಗಿರುತ್ತದೆ. ಅದಕ್ಕಿಂತ ವೇಗದ ಸಂಪರ್ಕವಿದ್ದರೂ ಆ ಭಾಗದಲ್ಲಿ ಅಷ್ಟೇ ಸಿಗುತ್ತದೆ.

ಎಡಿಎಸ್‌ಎಲ್ ಮೋಡೆಮ್-ರೌಟರ್‌ಗಳನ್ನೂ ಇದೇ ರೀತಿ ಬಳಸಬಹುದು. ಅವುಗಳ ದೂರವಾಣಿ ತಂತಿಯ ಪೋರ್ಟನ್ನು ಖಾಲಿ ಬಿಟ್ಟು ಲ್ಯಾನ್ ಪೋರ್ಟನ್ನು ಮಾತ್ರ ಜೋಡಿಸಿದರೆ ಸಾಕು.

ನಿಸ್ತಂತು ರಿಪೀಟರ್

ಕೇಬಲ್ ಎಳೆಯಲು ಸಾಧ್ಯವಿಲ್ಲದ ಕಡೆ, ಹಳೆಯ ರೌಟರ್ ಮುಖ್ಯ ರೌಟರ್‌ನ ವೈ-ಫೈ ಸಂಕೇತವನ್ನು ಸ್ವೀಕರಿಸಿ ಮರುಪ್ರಸಾರ ಮಾಡುವಂತೆ ಹೊಂದಿಸಲಾಗುತ್ತದೆ. ಒಂದೇ ರೇಡಿಯೊ ಇರುವ ರೌಟರ್‌ನಲ್ಲಿ ಪ್ರತಿಯೊಂದು ದತ್ತಾಂಶ ಚೂರೂ ಒಂದೇ ಚಾನೆಲ್‌ನಲ್ಲಿ ಎರಡು ಬಾರಿ ಸಾಗಬೇಕಾಗುತ್ತದೆ: ಒಮ್ಮೆ ಮುಖ್ಯ ರೌಟರ್‌ನಿಂದ ರಿಪೀಟರ್‌ಗೆ, ಇನ್ನೊಮ್ಮೆ ರಿಪೀಟರ್‌ನಿಂದ ಬಳಕೆದಾರನಿಗೆ. ಇದರಿಂದ ದೊರೆಯುವ ವೇಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡು ತರಂಗಪಟ್ಟಿಗಳ ರೌಟರ್‌ನಲ್ಲಿ ಒಂದು ಪಟ್ಟಿಯಲ್ಲಿ ಸ್ವೀಕರಿಸಿ ಮತ್ತೊಂದರಲ್ಲಿ ಪ್ರಸಾರ ಮಾಡಿ ಈ ನಷ್ಟವನ್ನು ತಗ್ಗಿಸಬಹುದು.

ರಿಪೀಟರನ್ನು ಸಂಕೇತವೇ ಇಲ್ಲದ ಕೋಣೆಯಲ್ಲಿಡುವುದು ಸಾಮಾನ್ಯವಾದ ತಪ್ಪು. ದುರ್ಬಲ ಸಂಕೇತವನ್ನು ಸ್ವೀಕರಿಸಿದ ರಿಪೀಟರ್, ಫೋನಿನಲ್ಲಿ ಪೂರ್ಣ ಪಟ್ಟಿಗಳನ್ನು ತೋರಿಸಿದರೂ ನಿಧಾನ ಸಂಪರ್ಕವನ್ನೇ ಮರುಪ್ರಸಾರ ಮಾಡುತ್ತದೆ. ಮುಖ್ಯ ರೌಟರ್‌ಗೂ ದುರ್ಬಲ ಸಂಕೇತದ ಕೋಣೆಗೂ ನಡುವೆ, ಸಂಕೇತ ಇನ್ನೂ ಚೆನ್ನಾಗಿರುವ ಜಾಗವೇ ಅದಕ್ಕೆ ಸೂಕ್ತ. ಫೋನಿನಲ್ಲಿ ವೈ-ಫೈ ಮಾಪನದ ಅಪ್ಲಿಕೇಶನ್ ಬಳಸಿ, ಸಂಕೇತದ ಬಲ ಸುಮಾರು -67 ಡಿಬಿಎಂ ಅಥವಾ ಅದಕ್ಕಿಂತ ಉತ್ತಮವಾಗಿರುವ ಸ್ಥಳವನ್ನು ಗುರುತಿಸಬಹುದು. ಇಲ್ಲಿ -60 ಎಂಬುದು -67ಕ್ಕಿಂತ ಬಲವಾದ ಸಂಕೇತ.

ಡಬ್ಲ್ಯೂಡಿಎಸ್ ಮತ್ತು ಬ್ರಿಜ್

ಸಾಮಾನ್ಯ ವೈ-ಫೈ ಗ್ರಾಹಕ ಸಾಧನ ಕಳುಹಿಸುವ ಚೌಕಟ್ಟಿನಲ್ಲಿ ಮೂರು ವಿಳಾಸಗಳಿರುತ್ತವೆ. ಒಂದು ಗ್ರಾಹಕ ಸಾಧನದ ಹಿಂದೆ ಇನ್ನೂ ಹಲವು ಸಾಧನಗಳಿದ್ದರೆ ಅವನ್ನು ಪ್ರತ್ಯೇಕವಾಗಿ ಗುರುತಿಸಲು ನಾಲ್ಕನೆಯ ವಿಳಾಸ ಬೇಕು. ಡಬ್ಲ್ಯೂಡಿಎಸ್ ವಿಧಾನ ಈ ನಾಲ್ಕು ವಿಳಾಸಗಳ ಚೌಕಟ್ಟನ್ನು ಬಳಸುತ್ತದೆ. ಆದರೆ ಅದರ ಅಳವಡಿಕೆ ತಯಾರಕರಿಂದ ತಯಾರಕರಿಗೆ ಭಿನ್ನವಾಗಿರುವುದರಿಂದ, ಬೇರೆ ಬೇರೆ ಕಂಪನಿಗಳ ರೌಟರ್‌ಗಳು ಪರಸ್ಪರ ಹೊಂದಿಕೊಳ್ಳುತ್ತವೆ ಎಂಬ ಖಾತರಿಯಿಲ್ಲ. ಎರಡೂ ರೌಟರ್‌ಗಳು ಒಂದೇ ಚಾನೆಲ್‌ನಲ್ಲಿರಬೇಕು.

ಬ್ರಿಜ್ ವಿಧಾನದಲ್ಲಿ ಹಳೆಯ ರೌಟರ್ ವೈ-ಫೈ ಸಂಕೇತವನ್ನು ಸ್ವೀಕರಿಸಿ ತನ್ನ ಲ್ಯಾನ್ ಪೋರ್ಟ್‌ಗಳಿಗೆ ಮಾತ್ರ ಒದಗಿಸುತ್ತದೆ. ವೈ-ಫೈ ಇಲ್ಲದ ಟಿವಿ, ಪ್ರಿಂಟರ್ ಅಥವಾ ಹಳೆಯ ಕಂಪ್ಯೂಟರನ್ನು ಜಾಲಕ್ಕೆ ಸೇರಿಸಲು ಇದು ಉಪಯುಕ್ತ.

ಅಳವಡಿಕೆಯ ಕ್ರಮ

ತಂತಿ ಸಂಪರ್ಕದ ವಿಧಾನದಲ್ಲಿ ಅನುಸರಿಸುವ ಹಂತಗಳು ಹೀಗಿವೆ. ಉದಾಹರಣೆಯಲ್ಲಿ ಮುಖ್ಯ ರೌಟರ್‌ನ ವಿಳಾಸ 192.168.1.1 ಎಂದು ಇಟ್ಟುಕೊಳ್ಳಲಾಗಿದೆ.

1. ಹಳೆಯ ರೌಟರ್‌ಗೆ ವಿದ್ಯುತ್ ಕೊಟ್ಟು, ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿಹಿಡಿದು ಮೂಲಸ್ಥಿತಿಗೆ ತರಬೇಕು. ಇದರಿಂದ ಹಳೆಯ ಗುಪ್ತಪದ ಮತ್ತು ಹೊಂದಾಣಿಕೆಗಳು ಅಳಿಯುತ್ತವೆ.
2. ಮುಖ್ಯ ರೌಟರ್‌ಗೆ ಜೋಡಿಸದೆ, ಕಂಪ್ಯೂಟರನ್ನು ಕೇಬಲ್ ಮೂಲಕ ಹಳೆಯ ರೌಟರ್‌ಗೆ ಮಾತ್ರ ಜೋಡಿಸಿ, ಅದರ ತಳಭಾಗದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಬೇಕು.
3. ಹೊಂದಾಣಿಕೆ ಪುಟದಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆಯಿದ್ದರೆ ಅದನ್ನು ಆರಿಸಬಹುದು. ಆಗ ಮುಂದಿನ ಹಲವು ಬದಲಾವಣೆಗಳು ತಾವಾಗಿಯೇ ಆಗುತ್ತವೆ.
4. ವೈ-ಫೈ ಜಾಲದ ಹೆಸರು, ಗುಪ್ತಪದ, ಭದ್ರತೆಯ ವಿಧ ಮತ್ತು ಚಾನೆಲನ್ನು ಹೊಂದಿಸಬೇಕು. ಆಡಳಿತ ಪುಟದ ಮೂಲ ಗುಪ್ತಪದವನ್ನೂ ಬದಲಾಯಿಸಬೇಕು.
5. ಹಳೆಯ ರೌಟರ್‌ನ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಾಯಿಸಬೇಕು. ಈ ವಿಳಾಸ ಮುಖ್ಯ ರೌಟರ್ ಇತರ ಸಾಧನಗಳಿಗೆ ಹಂಚುವ ವಿಳಾಸಗಳ ವ್ಯಾಪ್ತಿಯ ಹೊರಗಿರಬೇಕು.
6. ಹೊಸ ವಿಳಾಸದಲ್ಲಿ ಪುಟವನ್ನು ಮತ್ತೆ ತೆರೆದು ಡಿಎಚ್‌ಸಿಪಿ ಸರ್ವರನ್ನು ನಿಷ್ಕ್ರಿಯಗೊಳಿಸಬೇಕು. ಇದನ್ನು ಕೊನೆಗೆ ಮಾಡುವುದು ಅನುಕೂಲ. ಡಿಎಚ್‌ಸಿಪಿ ನಿಂತ ಬಳಿಕ ಕಂಪ್ಯೂಟರ್‌ಗೆ ಹೊಸ ವಿಳಾಸ ದೊರೆಯದೆ ಪುಟ ತೆರೆಯುವುದು ಕಷ್ಟವಾಗುತ್ತದೆ.
7. ಮುಖ್ಯ ರೌಟರ್‌ನ ಲ್ಯಾನ್ ಪೋರ್ಟ್‌ನಿಂದ ಹಳೆಯ ರೌಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಜೋಡಿಸಬೇಕು. ಆಕ್ಸೆಸ್ ಪಾಯಿಂಟ್ ಮೋಡ್ ಇಲ್ಲದ ರೌಟರ್‌ನಲ್ಲಿ ವ್ಯಾನ್ ಪೋರ್ಟನ್ನು ಖಾಲಿ ಬಿಡಬೇಕು.

ಇಷ್ಟಾದ ಮೇಲೆ ಹಳೆಯ ರೌಟರ್‌ನ ವೈ-ಫೈಗೆ ಜೋಡಿಸಿದ ಫೋನಿಗೆ ಮುಖ್ಯ ರೌಟರ್‌ನಿಂದಲೇ ವಿಳಾಸ ದೊರೆಯುತ್ತದೆ. ಫೋನಿನ ವೈ-ಫೈ ವಿವರದಲ್ಲಿ ಗೇಟ್‌ವೇ 192.168.1.1 ಎಂದು ಕಂಡರೆ ಅಳವಡಿಕೆ ಸರಿಯಾಗಿದೆ ಎಂದರ್ಥ.

ಜಾಲದ ಹೆಸರು ಮತ್ತು ಚಾನೆಲ್

ಎರಡೂ ರೌಟರ್‌ಗಳಿಗೆ ಒಂದೇ ಹೆಸರು, ಒಂದೇ ಗುಪ್ತಪದ ಮತ್ತು ಒಂದೇ ಬಗೆಯ ಭದ್ರತೆ ಕೊಟ್ಟರೆ ಫೋನ್ ಒಂದರಿಂದ ಇನ್ನೊಂದಕ್ಕೆ ತಾನಾಗಿ ಬದಲಾಗಬಲ್ಲದು. ಯಾವಾಗ ಬದಲಾಗಬೇಕೆಂದು ನಿರ್ಧರಿಸುವುದು ರೌಟರ್ ಅಲ್ಲ, ಫೋನ್. ಕೆಲವು ಸಾಧನಗಳು ಸಂಕೇತ ತೀರ ಕ್ಷೀಣಿಸುವವರೆಗೂ ಹಳೆಯ ಸಂಪರ್ಕಕ್ಕೇ ಅಂಟಿಕೊಂಡಿರುತ್ತವೆ. ಅಂತಹ ಸಂದರ್ಭದಲ್ಲಿ ಬೇರೆ ಬೇರೆ ಹೆಸರಿಟ್ಟು ಬಳಕೆದಾರರೇ ಆರಿಸಿಕೊಳ್ಳುವುದು ಒಂದು ದಾರಿ.

ತಂತಿಯಿಂದ ಜೋಡಿಸಿದ ಎರಡು ರೌಟರ್‌ಗಳು ಬೇರೆ ಬೇರೆ ಚಾನೆಲ್‌ಗಳಲ್ಲಿರುವುದು ಒಳ್ಳೆಯದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 20 ಮೆಗಾಹರ್ಟ್ಸ್ ಅಗಲದ 1, 6 ಮತ್ತು 11ನೆಯ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ಮುಖ್ಯ ರೌಟರ್ 1ರಲ್ಲಿದ್ದರೆ ಹಳೆಯದನ್ನು 6 ಅಥವಾ 11ರಲ್ಲಿ ಇಡಬಹುದು. ಒಂದೇ ರೇಡಿಯೊದ ರಿಪೀಟರ್‌ನಲ್ಲಿ ಈ ಸ್ವಾತಂತ್ರ್ಯವಿಲ್ಲ. ಅದು ಮುಖ್ಯ ರೌಟರ್‌ನ ಚಾನೆಲನ್ನೇ ಅನುಸರಿಸಬೇಕು.

ಮುಕ್ತ ಫರ್ಮ್‌ವೇರ್

ತಯಾರಕರ ಮೂಲ ತಂತ್ರಾಂಶದಲ್ಲಿ ರಿಪೀಟರ್ ಸೌಲಭ್ಯವಿಲ್ಲದಿದ್ದರೆ ಅಥವಾ ಪರಿಷ್ಕರಣೆಗಳು ನಿಂತಿದ್ದರೆ ಮುಕ್ತ ಫರ್ಮ್‌ವೇರ್ ಅಳವಡಿಸುವ ದಾರಿಯಿದೆ. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ರೌಟರ್‌ನಲ್ಲಿ ಲಿನಕ್ಸ್ ಬಳಕೆಯಾಗಿರುವುದು ಬೆಳಕಿಗೆ ಬಂದು, ಜಿಪಿಎಲ್ ಪರವಾನಗಿಯ ಷರತ್ತಿನಂತೆ ಅದರ ಮೂಲಸಂಕೇತವನ್ನು 2003ರಲ್ಲಿ ಬಿಡುಗಡೆ ಮಾಡಲಾಯಿತು. ಇದರ ಆಧಾರದ ಮೇಲೆ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಯೋಜನೆ ಆರಂಭವಾಯಿತು. ಡಿಡಿ-ಡಬ್ಲ್ಯೂಆರ್‌ಟಿ ಕೂಡ ಇದೇ ಪರಂಪರೆಗೆ ಸೇರಿದೆ. ಎರಡೂ ಯೋಜನೆಗಳ ಹೆಸರಿನಲ್ಲಿರುವ ಡಬ್ಲ್ಯೂಆರ್‌ಟಿ ಎಂಬ ಅಕ್ಷರಗಳು ಆ ರೌಟರ್‌ನ ಹೆಸರಿನಿಂದಲೇ ಬಂದವು.

ಎಲ್ಲ ರೌಟರ್‌ಗಳಿಗೂ ಈ ತಂತ್ರಾಂಶ ಹೊಂದುವುದಿಲ್ಲ. ಕೇವಲ 4 ಮೆಗಾಬೈಟ್ ಫ್ಲ್ಯಾಶ್ ಮತ್ತು 32 ಮೆಗಾಬೈಟ್ ರ‍್ಯಾಮ್ ಇರುವ ಹಳೆಯ ಸಾಧನಗಳಿಗೆ ಓಪನ್‌ಡಬ್ಲ್ಯೂಆರ್‌ಟಿ 19.07ರ ನಂತರ ಅಧಿಕೃತ ಆವೃತ್ತಿಗಳು ನಿಂತವು. ಒಂದೇ ಮಾದರಿಯ ರೌಟರ್‌ನ ಬೇರೆ ಬೇರೆ ಹಾರ್ಡ್‌ವೇರ್ ಆವೃತ್ತಿಗಳಲ್ಲಿ ಬೇರೆ ಚಿಪ್‌ಗಳಿರುವುದೂ ಉಂಟು. ಆದ್ದರಿಂದ ತಳಭಾಗದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಯನ್ನು ಯೋಜನೆಯ ಸಾಧನಪಟ್ಟಿಯೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ. ತಪ್ಪಾದ ಕಡತ ಹಾಕಿದರೆ ಅಥವಾ ಬರವಣಿಗೆಯ ನಡುವೆ ವಿದ್ಯುತ್ ಹೋದರೆ ರೌಟರ್ ಸಂಪೂರ್ಣ ನಿಷ್ಕ್ರಿಯವಾಗುವ ಸಾಧ್ಯತೆಯಿದೆ.

ಭದ್ರತೆ

ಹಳೆಯ ರೌಟರ್‌ನ ಮುಖ್ಯ ದೌರ್ಬಲ್ಯ ಅದರ ತಂತ್ರಾಂಶ. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುರುದ್ದೇಶದ ತಂತ್ರಾಂಶ ಹಲವು ದೇಶಗಳಲ್ಲಿ ಕನಿಷ್ಠ 5 ಲಕ್ಷ ರೌಟರ್ ಮತ್ತು ಸಂಗ್ರಹ ಸಾಧನಗಳಿಗೆ ಸೋಂಕು ತಗುಲಿಸಿತ್ತು. ಮುಖ್ಯ ರೌಟರ್‌ನ ಹಿಂದೆ ಆಕ್ಸೆಸ್ ಪಾಯಿಂಟ್ ಆಗಿರುವ ಸಾಧನ ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿರುವುದಿಲ್ಲವಾದ್ದರಿಂದ ಅಪಾಯ ಕಡಿಮೆಯಾಗುತ್ತದೆ. ಆದರೆ ಅದು ಸಂಪೂರ್ಣವಾಗಿ ಇಲ್ಲವಾಗುವುದಿಲ್ಲ. ಮನೆಯೊಳಗಿನ ಸೋಂಕಿತ ಕಂಪ್ಯೂಟರ್ ಅಥವಾ ಸಂಕೇತದ ವ್ಯಾಪ್ತಿಯಲ್ಲಿರುವ ಹೊರಗಿನವರು ದುರ್ಬಲ ರೌಟರನ್ನು ಗುರಿಯಾಗಿಸಬಹುದು.

ಗೂಢಲಿಪಿಯ ವಿಧವೂ ನಿರ್ಣಾಯಕ. ಡಬ್ಲ್ಯೂಇಪಿ ವಿಧಾನದ ಮೂಲಭೂತ ದೋಷಗಳು 2001ರಲ್ಲೇ ಬಹಿರಂಗವಾಗಿದ್ದು, ಇಂದು ಅದನ್ನು ಅಲ್ಪಕಾಲದಲ್ಲಿ ಭೇದಿಸಬಹುದು. ಡಬ್ಲ್ಯೂಪಿಎ2 2004ರಲ್ಲಿ, ಡಬ್ಲ್ಯೂಪಿಎ3 2018ರಲ್ಲಿ ಬಳಕೆಗೆ ಬಂದವು. ಡಬ್ಲ್ಯೂಪಿಎ2 ಎಇಎಸ್ ಸೌಲಭ್ಯವೂ ಇಲ್ಲದ ರೌಟರನ್ನು ವೈ-ಫೈ ವಿಸ್ತರಣೆಗೆ ಬಳಸಬಾರದು. ಎರಡು ರೌಟರ್‌ಗಳಲ್ಲಿ ದುರ್ಬಲವಾದುದೇ ಇಡೀ ಮನೆಯ ಜಾಲದ ಬಾಗಿಲಾಗುತ್ತದೆ. ಡಬ್ಲ್ಯೂಪಿಎಸ್ ಪಿನ್ ವ್ಯವಸ್ಥೆಯ ದೋಷ 2011ರಲ್ಲಿ ಪ್ರಕಟವಾದುದರಿಂದ ಆ ಸೌಲಭ್ಯವನ್ನು ನಿಷ್ಕ್ರಿಯವಾಗಿಡುವುದು ಸುರಕ್ಷಿತ. 2017ರಲ್ಲಿ ಪ್ರಕಟವಾದ ಕ್ರ್ಯಾಕ್ ದಾಳಿ ಮುಖ್ಯವಾಗಿ ಗ್ರಾಹಕ ಸಾಧನಗಳಿಗೆ ಸಂಬಂಧಿಸಿದ್ದು, ರಿಪೀಟರ್ ಆಗಿ ಕೆಲಸ ಮಾಡುವ ರೌಟರ್ ಕೂಡ ಮುಖ್ಯ ರೌಟರ್‌ನ ದೃಷ್ಟಿಯಲ್ಲಿ ಗ್ರಾಹಕನೇ ಆಗಿರುತ್ತದೆ. ಆದ್ದರಿಂದ ಅದಕ್ಕೆ ಆ ವರ್ಷದ ನಂತರದ ಪರಿಷ್ಕರಣೆ ದೊರೆತಿರುವುದು ಅಗತ್ಯ.

ಹಳೆಯ ರೌಟರ್‌ನ ಅತಿಥಿ ಜಾಲ ಸೌಲಭ್ಯವನ್ನು ಆಕ್ಸೆಸ್ ಪಾಯಿಂಟ್ ವಿಧಾನದಲ್ಲಿ ನಂಬುವಂತಿಲ್ಲ. ರೌಟಿಂಗ್ ನಿಷ್ಕ್ರಿಯವಾದಾಗ ಹಲವು ಮಾದರಿಗಳಲ್ಲಿ ಅತಿಥಿಗಳೂ ಮನೆಯ ಮುಖ್ಯ ಜಾಲಕ್ಕೇ ಸೇರಿಬಿಡುತ್ತಾರೆ.

ಸಾಮಾನ್ಯ ದೋಷಗಳು

* ಕೆಲವೊಮ್ಮೆ ಮಾತ್ರ ಅಂತರಜಾಲ ಸಿಗುವುದು: ಎರಡೂ ರೌಟರ್‌ಗಳಲ್ಲಿ ಡಿಎಚ್‌ಸಿಪಿ ಚಾಲ್ತಿಯಲ್ಲಿರುವುದು ಇದಕ್ಕೆ ಸಾಮಾನ್ಯ ಕಾರಣ. ಹಳೆಯ ರೌಟರ್‌ನಿಂದ ವಿಳಾಸ ಪಡೆದ ಸಾಧನಕ್ಕೆ ತಪ್ಪು ಗೇಟ್‌ವೇ ದೊರೆಯುತ್ತದೆ.
* ಇಡೀ ಜಾಲ ಅಸ್ಥಿರವಾಗುವುದು: ಎರಡು ರೌಟರ್‌ಗಳಿಗೂ ಒಂದೇ ಐಪಿ ವಿಳಾಸವಿದ್ದಾಗ ಹೀಗಾಗುತ್ತದೆ.
* ಪ್ರಿಂಟರ್ ಅಥವಾ ಟಿವಿ ಕಾಣಿಸದಿರುವುದು: ರೌಟರ್ ಮೋಡ್‌ನಲ್ಲಿರುವ ಹಳೆಯ ಸಾಧನದ ವ್ಯಾನ್ ಪೋರ್ಟ್‌ಗೆ ಕೇಬಲ್ ಜೋಡಿಸಿದರೆ ಎರಡು ಪದರಗಳ ನ್ಯಾಟ್ ಉಂಟಾಗಿ ಮನೆಯ ಜಾಲ ಎರಡಾಗಿ ಒಡೆಯುತ್ತದೆ.
* ಎಲ್ಲ ದೀಪಗಳೂ ಎಡೆಬಿಡದೆ ಮಿನುಗಿ ಜಾಲ ಸ್ತಬ್ಧವಾಗುವುದು: ಒಂದೇ ಜೋಡಿ ರೌಟರ್‌ಗಳ ನಡುವೆ ಎರಡು ಕೇಬಲ್‌ಗಳಿದ್ದರೆ, ಅಥವಾ ಕೇಬಲ್ ಮತ್ತು ಡಬ್ಲ್ಯೂಡಿಎಸ್ ಎರಡೂ ಇದ್ದರೆ, ದತ್ತಾಂಶ ಸುತ್ತುತ್ತಲೇ ಇರುತ್ತದೆ.
* ವೇಗ 54 ಮೆಗಾಬಿಟ್‌ಗಿಂತ ಮೇಲೇರದಿರುವುದು: ಭದ್ರತೆಯಲ್ಲಿ ಡಬ್ಲ್ಯೂಇಪಿ ಅಥವಾ ಟಿಕೆಐಪಿ ಆರಿಸಿದಾಗ 802.11ಎನ್ ಮಾನಕದ ಹೆಚ್ಚಿನ ವೇಗಗಳು ದೊರೆಯುವುದಿಲ್ಲ.

ವಿದ್ಯುತ್ ಮತ್ತು ಸ್ಥಾಪನೆ

ಸುಮಾರು 6 ವ್ಯಾಟ್ ಬಳಸುವ ರೌಟರ್ ದಿನವಿಡೀ ಚಾಲನೆಯಲ್ಲಿದ್ದರೆ ವರ್ಷಕ್ಕೆ ಸುಮಾರು 53 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಹಳೆಯ ರೌಟರ್‌ನ ಅಡಾಪ್ಟರ್ ಕಳೆದುಹೋಗಿದ್ದರೆ ಬದಲಿ ಅಡಾಪ್ಟರ್‌ನ ವೋಲ್ಟೇಜ್ ಮತ್ತು ಧ್ರುವತೆ ಮೂಲದಷ್ಟೇ ಇರಬೇಕು. ಆಂಪಿಯರ್ ಸಾಮರ್ಥ್ಯ ಮೂಲದಷ್ಟು ಅಥವಾ ಹೆಚ್ಚಿರಬಹುದು. 9 ವೋಲ್ಟ್ ರೌಟರ್‌ಗೆ 12 ವೋಲ್ಟ್ ಅಡಾಪ್ಟರ್ ಹಾಕಿದರೆ ಸಾಧನ ಸುಟ್ಟುಹೋಗಬಹುದು. ವಿದ್ಯುತ್ ಕಡಿತದ ಸಮಯದಲ್ಲಿ ಮುಖ್ಯ ರೌಟರ್ ಮಾತ್ರ ಯುಪಿಎಸ್‌ಗೆ ಜೋಡಿಸಲ್ಪಟ್ಟಿದ್ದರೆ ವಿಸ್ತರಿಸಿದ ಭಾಗದಲ್ಲಿ ಸಂಪರ್ಕ ನಿಲ್ಲುತ್ತದೆ.

ಮನೆಯಿಂದ ಹೊರಮನೆಗೆ ಅಥವಾ ಕೊಟ್ಟಿಗೆಗೆ ತೆರೆದ ಜಾಗದಲ್ಲಿ ಎಳೆದ ತಾಮ್ರದ ಕೇಬಲ್ ಸಿಡಿಲಿನ ವಿದ್ಯುದಾಘಾತವನ್ನು ಎರಡೂ ರೌಟರ್‌ಗಳಿಗೆ ಒಯ್ಯಬಲ್ಲದು. ಮಲೆನಾಡು ಮತ್ತು ಕರಾವಳಿಯಂತಹ ಸಿಡಿಲಿನ ಪ್ರದೇಶಗಳಲ್ಲಿ ಇಂತಹ ಅಂತರಕ್ಕೆ ನಿಸ್ತಂತು ಜೋಡಣೆ ಅಥವಾ ದ್ಯುತಿತಂತು ಹೆಚ್ಚು ಸುರಕ್ಷಿತ. ಗುಡುಗುವಾಗ ಕೇಬಲ್ ಮತ್ತು ವಿದ್ಯುತ್ ಎರಡನ್ನೂ ಬಿಡಿಸಿಡಲು ಗುಡುಗು ಸಮೀಪಿಸುವ ಮೊದಲೇ ಕ್ರಮ ಕೈಗೊಳ್ಳಬೇಕು.

ಪರಿಸರ ಮತ್ತು ವಿಲೇವಾರಿ

ರೌಟರ್‌ನ ಮಂಡಲಫಲಕದಲ್ಲಿ ತಾಮ್ರದಂತಹ ಲೋಹಗಳ ಜೊತೆಗೆ ಪರಿಸರಕ್ಕೆ ಹಾನಿಕರವಾದ ವಸ್ತುಗಳೂ ಇರಬಹುದು. ಸಾಧನದ ಆಯುಷ್ಯವನ್ನು ಹೆಚ್ಚಿಸುವುದು ಅದರ ತಯಾರಿಕೆಯಲ್ಲಿ ಆದ ಸಂಪನ್ಮೂಲ ವೆಚ್ಚದ ಸದುಪಯೋಗ. ಮರುಬಳಕೆಗೆ ಯೋಗ್ಯವಲ್ಲದ ರೌಟರನ್ನು ಮೂಲಸ್ಥಿತಿಗೆ ತಂದು, ಅದರಲ್ಲಿ ಉಳಿದ ವೈ-ಫೈ ಗುಪ್ತಪದ ಮತ್ತು ಸಂಪರ್ಕ ಖಾತೆಯ ವಿವರಗಳನ್ನು ಅಳಿಸಿದ ಬಳಿಕ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ಭಾರತದಲ್ಲಿ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಎಂಬ ನಿಯಮಾವಳಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೇವಾ ಕಂಪನಿ ಬಾಡಿಗೆಗೆ ಅಥವಾ ಠೇವಣಿಯ ಮೇಲೆ ಕೊಟ್ಟ ಸಾಧನ ಬಳಕೆದಾರನ ಸ್ವತ್ತಲ್ಲ. ಸಂಪರ್ಕ ಮುಗಿದ ಮೇಲೆ ಅದನ್ನು ಮರಳಿಸಬೇಕಾಗುತ್ತದೆ.

ಮಿತಿಗಳು

ವಿಸ್ತರಣೆಯಿಂದ ಸಂಕೇತದ ವ್ಯಾಪ್ತಿ ಹೆಚ್ಚುತ್ತದೆಯೇ ಹೊರತು ಸೇವಾ ಕಂಪನಿಯಿಂದ ಬರುವ ಸಂಪರ್ಕದ ವೇಗ ಹೆಚ್ಚುವುದಿಲ್ಲ. ಮುಖ್ಯ ರೌಟರ್‌ನ ಪಕ್ಕದಲ್ಲೇ ನಿಧಾನವಾಗಿರುವ ಸಂಪರ್ಕ ವಿಸ್ತರಿಸಿದ ಮೇಲೂ ನಿಧಾನವಾಗಿಯೇ ಇರುತ್ತದೆ. ಒಂದರ ಹಿಂದೆ ಒಂದರಂತೆ ಹಲವು ನಿಸ್ತಂತು ರಿಪೀಟರ್‌ಗಳನ್ನು ಜೋಡಿಸಿದರೆ ಪ್ರತಿ ಹಂತದಲ್ಲೂ ವೇಗ ಕುಗ್ಗಿ ವಿಳಂಬ ಹೆಚ್ಚುತ್ತದೆ. ಚಲಿಸುತ್ತಲೇ ವಿಡಿಯೊ ಕರೆ ಮಾಡುವ ಅಗತ್ಯವಿರುವ ದೊಡ್ಡ ಮನೆಗಳಿಗೆ ಒಟ್ಟಾಗಿ ನಿರ್ವಹಿಸಲಾಗುವ ಮೆಶ್ ವ್ಯವಸ್ಥೆಗಳು ಹೆಚ್ಚು ಸೂಕ್ತ. ಆದರೆ ಕೇಬಲ್ ಎಳೆಯಲು ಸಾಧ್ಯವಿದ್ದು, ಡಬ್ಲ್ಯೂಪಿಎ2 ಭದ್ರತೆ ಮತ್ತು ಇನ್ನೂ ಪರಿಷ್ಕರಣೆ ದೊರೆಯುವ ಫರ್ಮ್‌ವೇರ್ ಇರುವ ಹಳೆಯ ರೌಟರ್, ಮಹಡಿಯ ಮೇಲಿನ ಓದುಕೋಣೆಯಂತಹ ಒಂದೆರಡು ಕೋಣೆಗಳ ಅಗತ್ಯಕ್ಕೆ ಹೊಸ ವಿಸ್ತರಣಾ ಸಾಧನದಷ್ಟೇ, ನಿಸ್ತಂತು ರಿಪೀಟರ್‌ಗಿಂತ ಹಲವು ವೇಳೆ ಹೆಚ್ಚೇ, ಉಪಯುಕ್ತವಾಗುತ್ತದೆ.

ಇವನ್ನೂ ನೋಡಿ

* ವೈ-ಫೈ
* ಗಣಕ ಜಾಲ
* ಐಪಿ ವಿಳಾಸ
* ಇ-ತ್ಯಾಜ್ಯ